ಮೂವರ ತೂಕ, ಮೂವತ್ತು ಲೀಟರ್ ನೀರು

ಕಳೆದ ಮೂರು ತಿಂಗಳಿಂದ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಆಸ್ಟ್ರೇಲಿಯಾ ಹಾಸಿಕೊಂಡು ಬಿದ್ದಿದೆ. ತಾಟು ಇಡಲು ಜಾಗವಿಲ್ಲವೆಂದು ಹೆಂಡತಿ ಗೊಣಗಿ ಗೊಣಗಿ, ಈಗ ಅಡುಗೆಮನೆಯ ಕಟ್ಟೆಯ ಮೇಲೇ ಬಡಿಸುತ್ತಾಳೆ. ಹಾಸಿರುವುದು ವಿಮಾನ ಹಾರಿಸುವವರು ಬಳಸುವ ನಕ್ಷೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಹತ್ತು ಕಿಲೋಮೀಟರ್. ಕೂಬರ್ ಪೆಡಿಯಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಪಟ್ಟಿ ಇಟ್ಟು ಗೆರೆ ಎಳೆದರೆ 58 ಸೆಂಟಿಮೀಟರ್. ಹೆಚ್ಚುಕಡಿಮೆ ನಾವು ರಸ್ತೆಯಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಹೋಗುವಷ್ಟು ದೂರ. ನಮ್ಮ ದಾರಿಯಲ್ಲಿ ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ ಬರುತ್ತವೆ. ಆ ಗೆರೆಯ ಆಸುಪಾಸಿನಲ್ಲಿ ಬರುವುದು ಒಂದು ಹೆದ್ದಾರಿ, ಒಂದು ರೈಲುಹಳಿ, ದೂರದೂರಕ್ಕೆ ಒಂದೊಂದು ಪೆಟ್ರೋಲ್ ಪಂಪು. ಉಳಿದದ್ದೆಲ್ಲ ಕೆಂಪು ಮಣ್ಣು.

ಈ ಹುಚ್ಚು ಶುರುವಾದದ್ದು ನನ್ನ ಅಕ್ಕನ ಮಗನಿಂದ. ಅಡಿಲೇಡಿನಲ್ಲಿ ನೌಕರಿ. ಐದು ವರ್ಷದ ಹಿಂದೆ ಅಲ್ಲಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಂಡ. ಅಕ್ಕ ಹೋಗಿ ಎರಡು ವರ್ಷವಾಯಿತು. ಆಮೇಲೆ ಭಾವ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ ಮಗನ ಹತ್ತಿರ ಹೋದರು. ಹೋದವರು ಮಾತು ಕಡಿಮೆ ಮಾಡಿದರು, ಹೊರಗೆ ಹೋಗುವುದನ್ನು ಬಿಟ್ಟೇಬಿಟ್ಟರು. ಒಂದು ಸಂಜೆ ಹುಡುಗ ಫೋನು ಮಾಡಿ, "ಮಾಮಾ, ಅಪ್ಪನ್ನ ಸಣ್ಣ ವಿಮಾನದಾಗ ಉಲುರುಗೆ ಕರಕೊಂಡು ಹೋಗಬೇಕು ಅನ್ಕೊಂಡೀನಿ. ನೀವೂ ಬರ್ರಿ. ನೀವು ಇದ್ರ ಅಪ್ಪ ಮಾತಾಡ್ತಾನ" ಅಂದ. ಬ್ಯಾಂಕಿನಿಂದ ನಿವೃತ್ತನಾಗಿ ಕುಳಿತವನಿಗೆ ಇನ್ನೇನು ಬೇಕು? ವೀಸಾಕ್ಕೆ ಅರ್ಜಿ ಹಾಕಿದೆ. ಲೆಕ್ಕಪತ್ರದ ಕೆಲಸವನ್ನೆಲ್ಲ ನಾನೇ ಮೈಮೇಲೆ ಹಾಕಿಕೊಂಡೆ.

ದಾರಿ ಹೀಗಿದೆ. ಅಡಿಲೇಡಿನ ಪ್ಯಾರಾಫೀಲ್ಡ್ ವಿಮಾನ ನಿಲ್ದಾಣದಿಂದ ಉತ್ತರಕ್ಕೆ ಲೀ ಕ್ರೀಕ್, 465 ಕಿಲೋಮೀಟರ್. ಅಲ್ಲಿಂದ ಐರ್ ಸರೋವರದ ಬದಿಯಿಂದ ವಿಲಿಯಂ ಕ್ರೀಕ್. ಈ ಸರೋವರದ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಹೆಚ್ಚಿನ ವರ್ಷಗಳಲ್ಲಿ ಅದರಲ್ಲಿ ನೀರಿಗಿಂತ ಬಿಳಿ ಉಪ್ಪೇ ಜಾಸ್ತಿ. ವಿಲಿಯಂ ಕ್ರೀಕ್ ಎಂದರೆ ಒಂದು ಹೋಟೆಲು, ಒಂದು ರನ್‌ವೇ, ಹಿಡಿಯಷ್ಟು ಜನ. ಅಲ್ಲಿಂದ ಓಪಲ್ ರತ್ನದ ಗಣಿಗಳ ಊರು ಕೂಬರ್ ಪೆಡಿ. ಬಿಸಿಲಿನ ಕಾಟಕ್ಕೆ ಅಲ್ಲಿ ಎಷ್ಟೋ ಜನ ನೆಲದೊಳಗೆ ಮನೆ ಕೊರೆದುಕೊಂಡಿದ್ದಾರೆ. ಆಮೇಲೆ ಆಲಿಸ್ ಸ್ಪ್ರಿಂಗ್ಸ್, ಕೊನೆಗೆ ಉಲುರು. ಎಲ್ಲಾ ಜುಲೈ ತಿಂಗಳಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಸಣ್ಣ ವಿಮಾನ ಮೇಲೇಳಲು ಹೆಚ್ಚು ರನ್‌ವೇ ಬೇಕು, ಎದ್ದ ಮೇಲೂ ಏರುವುದು ನಿಧಾನ.

ನನಗೆ ಮೊದಲು ತಿಳಿದದ್ದು ಇಷ್ಟು: ಹಾರುವುದು ಕೆಲವೇ ಗಂಟೆ, ಫೋನು ಮಾಡುವುದು ತಿಂಗಳುಗಟ್ಟಲೆ. ಈ ವಿಮಾನಕ್ಕೆ ಬೇಕಾದದ್ದು ಆವ್‌ಗ್ಯಾಸ್ ಎಂಬ ನೀಲಿ ಬಣ್ಣದ ಪೆಟ್ರೋಲು. ಅದು ಎಲ್ಲ ಕಡೆ ಸಿಗುವುದಿಲ್ಲ. ಇದೆ ಎಂದು ಕೈಪಿಡಿಯಲ್ಲಿ ಅಚ್ಚಾಗಿದ್ದರೂ ಆ ದಿನ ಇರುತ್ತದೆಯೇ, ಪಂಪಿಗೆ ಯಾವ ಕಾರ್ಡು ನಡೆಯುತ್ತದೆ, ಭಾನುವಾರ ಯಾರಿರುತ್ತಾರೆ, ಎಲ್ಲವನ್ನೂ ಕೇಳಬೇಕು. ವೂಮೆರಾದ ರಾಕೆಟ್ ಪರೀಕ್ಷಾ ವಲಯ ಹತ್ತಿರವೇ ಇದೆ. ಅದರ ಆಕಾಶ ಯಾವ ದಿನ ಮುಚ್ಚಿರುತ್ತದೆ ಎಂಬ ಸೂಚನೆಯನ್ನು ಪ್ರತಿದಿನ ನೋಡಬೇಕು. ಮೂಲನಿವಾಸಿಗಳ ನೆಲದಲ್ಲಿರುವ ರನ್‌ವೇಗಳಲ್ಲಿ ಇಳಿಯಲು ಮೊದಲೇ ಅನುಮತಿ ಬೇಕು. ಹುಡುಗನಿಗೆ ಇರುವುದು ಹಗಲಿನಲ್ಲಿ ಕಣ್ಣಿಗೆ ನೆಲ ಕಾಣುವಾಗ ಮಾತ್ರ ಹಾರುವ ಅರ್ಹತೆ. ಮೋಡ ಕೆಳಗಿಳಿದರೆ ಹೊರಡುವಂತಿಲ್ಲ. ಬೆಳಕು ಮುಗಿಯುವ ಹತ್ತು ನಿಮಿಷ ಮೊದಲೇ ನೆಲ ಮುಟ್ಟಿರಬೇಕು. ಅದಕ್ಕೇ ಎರಡು ದಿನ ಸುಮ್ಮನೆ ಖಾಲಿ ಇಟ್ಟುಕೊಂಡೆವು. ನಾಳೆ ಮುಟ್ಟಲೇಬೇಕು ಎಂಬ ಗಡಿಬಿಡಿಯೇ ಪೈಲಟ್‌ಗಳನ್ನು ಕೆಟ್ಟ ಹವೆಯೊಳಗೆ ನೂಕುತ್ತದಂತೆ.

ಇಷ್ಟರವರೆಗೆ ಎಲ್ಲಾ ಚೆನ್ನಾಗಿತ್ತು. ಕೆಟ್ಟದ್ದು ತೂಕದ ಲೆಕ್ಕದಲ್ಲಿ.

ವಿಮಾನ ಸೆಸ್ನಾ 172. ನಾಲ್ಕು ಸೀಟು. ಹಾರುವಾಗ ಒಟ್ಟು ತೂಕ 1157 ಕಿಲೋ ಮೀರುವಂತಿಲ್ಲ. ಅವರ ಕ್ಲಬ್ಬಿನ ವಿಮಾನದ ಖಾಲಿ ತೂಕ 780. ಉಳಿದದ್ದು 377. ಕೂಬರ್ ಪೆಡಿಯಿಂದ ಆಲಿಸ್‌ಗೆ ಎದುರುಗಾಳಿ ಹಿಡಿದರೆ ಮೂರು ಗಂಟೆ ಇಪ್ಪತ್ತು ನಿಮಿಷ; ಗಂಟೆಗೆ 36 ಲೀಟರಿನಂತೆ 120 ಲೀಟರ್. ಕಾಯಿದೆ ಕೇಳುವ ಅರ್ಧ ಗಂಟೆಯ ಮೀಸಲು, ನಮ್ಮ ಸಮಾಧಾನಕ್ಕೆ ಇನ್ನೊಂದು ಗಂಟೆ, ಶುರುಮಾಡಿ ಮೇಲೇರುವ ಖರ್ಚು ಎಲ್ಲಾ ಸೇರಿ 180. ಟ್ಯಾಂಕು ತುಂಬಿಸಿದರೆ 200 ಲೀಟರ್, ತೂಕ 144 ಕಿಲೋ. ಉಳಿದದ್ದು 233. ಹುಡುಗ 78, ಭಾವ 82, ನಾನು 71. ಒಟ್ಟು 231.

ಎರಡು ಕಿಲೋ ಉಳಿಯಿತು. ನೀರಿಲ್ಲ, ಚೀಲವಿಲ್ಲ, ಸಾಮಾನಿಲ್ಲ. ಹುಡುಗ ಬರೆದಿಟ್ಟ ಪಟ್ಟಿಯಲ್ಲಿ ಒಬ್ಬರಿಗೆ ದಿನಕ್ಕೆ 5 ಲೀಟರಿನಂತೆ ಎರಡು ದಿನಕ್ಕೆ 30 ಲೀಟರ್ ನೀರಿತ್ತು. ಕಂಬಳಿ, ತಾಡಪತ್ರಿ, ಔಷಧಿ ಡಬ್ಬಿ, ವಿಮಾನ ಕಟ್ಟುವ ಹಗ್ಗ, ಹತಾರು ಸೇರಿ 12 ಕಿಲೋ ಇತ್ತು.

ಮೂವತ್ತೈದು ವರ್ಷ ಲೆಡ್ಜರ್ ಕೂಡಿಸಿದ ಕೈ ಸುಮ್ಮನಿರುತ್ತದೆಯೇ? ಇಂಧನ 180 ಲೀಟರಿಗೆ ಇಳಿಸಿದೆ, 14 ಕಿಲೋ ಸಿಕ್ಕಿತು. ಚೀಲ ಬೇಡ, ತೊಟ್ಟ ಬಟ್ಟೆಯಲ್ಲೇ ಹೋಗೋಣ. ನೀರು ತಲಾ ಒಂದು ಲೀಟರ್ ಸಾಕು, ಚಳಿಗಾಲವಲ್ಲವೇ. ಒಂದು ಕಿಲೋ ಉಳಿದು ಲೆಕ್ಕ ಕೂಡಿತು! ರಾತ್ರಿ ಎಂಟಕ್ಕೆ, ಅವನಿಗೆ ನಡುರಾತ್ರಿ, ಖುಷಿಯಿಂದ ಫೋನು ಮಾಡಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾಮಾ, ನೀರು ಕಡಿಮಿ ಮಾಡ್ಲಿಕ್ಕೆ ಬರೂದಿಲ್ಲ" ಅಂದ. ಆಮೇಲೆ ಕೂಕಬುರ್ರಾದ ಕತೆ ಹೇಳಿದ.

1929ರಲ್ಲಿ ಹೆಸರಾಂತ ವೈಮಾನಿಕ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ 'ಸದರ್ನ್ ಕ್ರಾಸ್' ವಿಮಾನದೊಂದಿಗೆ ವಾಯವ್ಯ ಆಸ್ಟ್ರೇಲಿಯಾದಲ್ಲಿ ಕಾಣೆಯಾದ. ಅವನನ್ನು ಹುಡುಕಲು ಕೀತ್ ಆಂಡರ್ಸನ್ ಮತ್ತು ಬಾಬ್ ಹಿಚ್ಕಾಕ್ ಎಂಬ ಇಬ್ಬರು 'ಕೂಕಬುರ್ರಾ' ಎಂಬ ಸಣ್ಣ ವಿಮಾನದಲ್ಲಿ ಹೊರಟರು. ಏಪ್ರಿಲ್ 10ರಂದು ಆಲಿಸ್ ಸ್ಪ್ರಿಂಗ್ಸ್ ಬಿಟ್ಟರು. ಇಂಜಿನ್ ಕೈಕೊಟ್ಟು ತನಾಮಿ ಮರುಭೂಮಿಯಲ್ಲಿ ಇಳಿದರು. ಇಳಿದದ್ದು ಸುರಕ್ಷಿತವಾಗಿಯೇ, ಇಂಜಿನ್ನನ್ನು ರಿಪೇರಿ ಕೂಡ ಮಾಡಿಕೊಂಡರು. ಆದರೆ ಕುರುಚಲು ಗಿಡಗಳ ನಡುವೆ ಮತ್ತೆ ಮೇಲೇಳುವಷ್ಟು ಜಾಗ ಕಡಿದು ಸಮ ಮಾಡಲು ಅವರಿಗೆ ಆಗಲಿಲ್ಲ. ರೇಡಿಯೋ ಇರಲಿಲ್ಲ. ನೀರು ತೀರ ಸ್ವಲ್ಪ ಇತ್ತು. ಆಂಡರ್ಸನ್ ತನ್ನ ಕೊನೆಯ ದಿನಗಳ ಟಿಪ್ಪಣಿಯನ್ನು ವಿಮಾನದ ಬಾಲದ ಬಟ್ಟೆಯ ಮೇಲೆ ಬರೆದಿಟ್ಟ. ಏಪ್ರಿಲ್ 21ರಂದು ಇನ್ನೊಂದು ವಿಮಾನ ಅವರನ್ನು ಕಂಡುಹಿಡಿಯುವ ಹೊತ್ತಿಗೆ ಇಬ್ಬರೂ ಬಾಯಾರಿ ಸತ್ತಿದ್ದರು. ಅವರು ಹುಡುಕಲು ಹೋದ ಕಿಂಗ್ಸ್‌ಫರ್ಡ್ ಸ್ಮಿತ್ ಏಪ್ರಿಲ್ 12ರಂದೇ ಜೀವಂತ ಸಿಕ್ಕಿದ್ದ. ಕೂಕಬುರ್ರಾದ ಅವಶೇಷವನ್ನು 1978ರಲ್ಲಿ ಮತ್ತೆ ಪತ್ತೆಮಾಡಿ ತಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇಟ್ಟಿದ್ದಾರೆ.

"ವಿಮಾನ ಬಿದ್ದು ಸತ್ತವರಲ್ಲ ಮಾಮಾ. ಇಳಿದು, ಕಾದು ಸತ್ತವರು" ಅಂದ.

ದೊಡ್ಡ ವಿಮಾನ ಬಾಡಿಗೆಗೆ ತರಬಾರದೇ ಎಂದೆ. ಅದು ಅವನ ಕೈಗೆ ಪಳಗಿಲ್ಲ. ಹೊಸ ವಿಮಾನದ ಪರಿಚಯವನ್ನು ಮರುಭೂಮಿಯ ಮೇಲೆ ಮಾಡಿಕೊಳ್ಳಬಾರದು ಅಂದ. ನಡುವೆ ಇಳಿದು ಇಂಧನ ಹಾಕಿಸೋಣವೆಂದೆ. ಖಾತ್ರಿಯಾಗಿ ಸಿಗುತ್ತದೆಂದು ಯಾರೂ ಹೇಳಲಿಲ್ಲ. "ಹಂಗಾರ ಒಬ್ಬರು ಇಳೀಬೇಕು" ಎಂದೆ. ಅವನು ಹೌದೂ ಅನ್ನಲಿಲ್ಲ, ಅಲ್ಲಾ ಅನ್ನಲಿಲ್ಲ. ಅವನ ಬಾಯಿಂದ ಹೇಳಿಸಬಾರದಿತ್ತು.

ಸುಳ್ಳು ಹೇಳುವುದಿಲ್ಲ, ನನಗೆ ಎರಡು ದಿನ ಬೇಸರವಾಯಿತು. ಸಂಘದ ಗೆಳೆಯರಿಗೆಲ್ಲ ಹೇಳಿಕೊಂಡಿದ್ದೆ. ಹೆಂಡತಿಗೆ ಮಾತ್ರ ಸಮಾಧಾನ. ಅದನ್ನು ಮುಚ್ಚಿಡುವ ಕಷ್ಟವನ್ನೂ ಅವಳು ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ಹುಡುಗನಿಗೆ ಫೋನು ಮಾಡಿ, ನನ್ನ 71 ಕಿಲೋ ತೆಗೆದು ಲೆಕ್ಕ ಹಾಕು ಎಂದೆ. ಈಗ ಟ್ಯಾಂಕು ಪೂರ್ತಿ, ಇಬ್ಬರೇ ಆದರೂ ನೀರು ಮೂವತ್ತು ಲೀಟರ್, ಸಾಮಾನು, ಎರಡು ಚೀಲ. ಅದಾದ ಮೇಲೂ 21 ಕಿಲೋ ಉಳಿಯಿತು.

ಆ ಸಂಜೆ ಭಾವನೇ ಫೋನು ಮಾಡಿದರು. ಅಕ್ಕ ಹೋದ ಮೇಲೆ ಅವರಾಗಿ ಮಾಡಿದ ಮೊದಲ ಫೋನು ಅದು. "ನೀ ಬರೂದಿಲ್ಲಂತ ಕೇಳಿದೆ. ಛಲೋ ಆತು, ನನಗ ಅಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಬೇಕಾಗಿದ್ದ" ಅಂದರು.

ಭಾವ ಲೋಂಡಾ ಕಡೆಯ ಸಣ್ಣಪುಟ್ಟ ಸ್ಟೇಷನ್ನುಗಳಲ್ಲಿ ಮಾಸ್ತರರಾಗಿದ್ದವರು. ಮುಂದಿನ ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್' ಸಿಗದೆ ಗಾಡಿ ಬಿಡುವಂತಿಲ್ಲ. ಬಿಟ್ಟ ಗಾಡಿ ಪೂರ್ತಿ ಮುಟ್ಟಿತೆಂದು, ಕೊನೆಯ ಡಬ್ಬಿಯ ಹಿಂದಿನ ಗುರುತು ನೋಡಿ, ಆ ಕಡೆಯವನು ತಿಳಿಸುವ ತನಕ ಈ ಕಡೆಯವನು ಆ ಹಳಿಯ ಮೇಲೆ ಇನ್ನೊಂದು ಗಾಡಿ ಬಿಡುವಂತಿಲ್ಲ. ಮಗ ಅವರಿಗೆ ಆಸ್ಟ್ರೇಲಿಯಾದ ಪದ್ಧತಿ ವಿವರಿಸಿದ್ದ. ಹೊರಡುವ ಮೊದಲು ಪೈಲಟ್ ವಿಮಾನಯಾನ ಸೇವೆಯವರಿಗೆ ಒಂದು ಸಮಯ ಕೊಟ್ಟು ಹೋಗುತ್ತಾನೆ. ಅದಕ್ಕೆ ಸಾರ್‌ಟೈಮ್ ಎನ್ನುತ್ತಾರೆ. ಅಷ್ಟರೊಳಗೆ ಇಳಿದು ಫೋನು ಮಾಡಿ ಅದನ್ನು ರದ್ದು ಮಾಡಬೇಕು. ಮಾಡದಿದ್ದರೆ ಅವರು ವಿಚಾರಣೆ ಶುರುಮಾಡುತ್ತಾರೆ, ಸುಳಿವು ಸಿಗದಿದ್ದರೆ ಹುಡುಕಾಟ. ಇದರ ಜೊತೆಗೆ ದಾರಿ, ಸಮಯ, ವಿಮಾನದ ಬಣ್ಣ, ಇರುವ ನೀರು ಎಲ್ಲ ಬರೆದ ಹಾಳೆಯನ್ನು ನಂಬಿಗಸ್ತರೊಬ್ಬರ ಕೈಗೆ ಕೊಟ್ಟು ಹೋಗುವುದು ವಾಡಿಕೆ. ಹುಡುಗನ ಹೆಂಡತಿ ನರ್ಸು. ಡ್ಯೂಟಿಯಲ್ಲಿ ಅವಳ ಫೋನು ಲಾಕರಿನಲ್ಲಿರುತ್ತದೆ. ಹಾಗಾಗಿ ಎರಡನೆಯ ಪ್ರತಿ ನನಗೆ.

ಆ ಕೆಲಸದಲ್ಲೂ ಮೊದಲು ತಪ್ಪಿದೆ. ಅವರ ಕಾಗದಗಳೆಲ್ಲ ಗ್ರೀನಿಚ್ ಸಮಯದಲ್ಲಿ ಇರುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅವರದು ಒಂಬತ್ತೂವರೆ. ಕೂಬರ್ ಪೆಡಿಯಿಂದ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಗ್ರೀನಿಚ್ಚಿನಲ್ಲಿ ಅದು ಹಿಂದಿನ ರಾತ್ರಿ ಹನ್ನೊಂದು, ನನಗೆ ನಸುಕಿನ ನಾಲ್ಕೂವರೆ. ನಾನು ತಾರೀಖನ್ನೇ ಒಂದು ದಿನ ಮುಂದೆ ಬರೆದುಬಿಟ್ಟಿದ್ದೆ. ಹಾಗೇ ಬಿಟ್ಟಿದ್ದರೆ, ಅವರು ಮರುಭೂಮಿಯಲ್ಲಿ ಇಳಿದು ಕಾಯುತ್ತಿರುವಾಗ ನಾನಿಲ್ಲಿ ನಾಳೆಯ ದಾರಿ ಕಾಯುತ್ತ ಚಹಾ ಕುಡಿಯುತ್ತಿರುತ್ತಿದ್ದೆ. ಭಾವ ಅದನ್ನು ಹಿಡಿದರು. ಬೈಯಲಿಲ್ಲ, "ಮತ್ತೊಮ್ಮೆ ಬರಿ" ಅಂದರು ಅಷ್ಟೆ.

ವಿಮಾನದಲ್ಲಿ ಒಂದು ತುರ್ತು ಬೀಕನ್ ಇದೆ. ಹುಡುಗನ ಜೇಬಿನಲ್ಲಿ ಇನ್ನೊಂದು. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ. ಇಂಥದೇ ಜಾಲದ ಭಾರತದ ಕೇಂದ್ರ ಬೆಂಗಳೂರಿನ ಇಸ್ರೋ ಆವರಣದಲ್ಲಿದೆ ಎಂದು ಈ ನೆಪದಲ್ಲಿ ತಿಳಿಯಿತು. ಇಷ್ಟೆಲ್ಲ ಇದ್ದ ಮೇಲೆ ನನ್ನ ಹಾಳೆ ಯಾಕೆ ಎಂದು ಹೆಂಡತಿ ಕೇಳಿದಳು. ಯಂತ್ರ ಕೆಡಬಹುದು, ಒತ್ತುವ ಸ್ಥಿತಿಯಲ್ಲಿ ಅವರು ಇರದೆಯೂ ಇರಬಹುದು. ಆಗ ಉಳಿಯುವುದು, ಇವರು ಇಷ್ಟು ಹೊತ್ತಿಗೆ ಮುಟ್ಟಬೇಕಿತ್ತು ಎಂದು ಬಲ್ಲ ಒಬ್ಬ ಮನುಷ್ಯ. ಊರು ಬಿಟ್ಟು ಬಂದವರಾದ ನಮಗೆ ಇದು ಹೊಸತಲ್ಲ. ನಾನು ಮೊದಲ ಸಲ ಮುಂಬಯಿಗೆ ಬಂದಾಗ ಅವ್ವ ಕೇಳಿದ್ದು ಒಂದೇ, ಮುಟ್ಟಿದ ಕೂಡಲೇ ಕಾಗದ ಹಾಕು. ನಾನು ಹದಿನೈದು ದಿನ ಬಿಟ್ಟು ಹಾಕಿದ್ದೆ. ಆ ಹದಿನೈದು ದಿನ ಅವಳು ಹೇಗಿದ್ದಳೆಂದು ಇಷ್ಟು ವರ್ಷ ನಾನು ಯೋಚಿಸಿರಲಿಲ್ಲ.

ಹಾಳೆ ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ನಾಲ್ಕು ದಿನ, ಐದು ಹಾರಾಟ, ಪ್ರತಿಯೊಂದರ ಮುಂದೆ ಕೆಂಪು ಶಾಯಿಯಲ್ಲಿ ನಮ್ಮ ಗಂಟೆ. ಕೂಬರ್ ಪೆಡಿಯ ದಿನ ಬೆಳಿಗ್ಗೆ 9. ಕೆಳಗೆ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರದ ನಂಬರು. ಭಾವ ವಾರದಿಂದ ದಿನಾ ಫೋನು ಮಾಡುತ್ತಿದ್ದಾರೆ, ಗಾಳಿ ಹೇಗಿದೆ, ಮೋಡ ಎಲ್ಲಿದೆ ಎಂದು ಹೇಳುತ್ತಾರೆ. ನಡುನಡುವೆ ಅಕ್ಕನ ಮಾತೂ ಬರುತ್ತದೆ.

ಮುಂದಿನ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅವರು ಹೋಗಿ ಬಂದಿರುತ್ತಾರೆ. ಅಥವಾ ಹವೆ ಸರಿಯಿಲ್ಲವೆಂದು ಲೀ ಕ್ರೀಕಿನಿಂದಲೇ ತಿರುಗಿರುತ್ತಾರೆ. ಎರಡೂ ನಮಗೆ ಒಪ್ಪಿಗೆ ಎಂದು ಮೂವರೂ ಮೊದಲೇ ಮಾತಾಡಿಕೊಂಡಿದ್ದೇವೆ. ಆ ನಾಲ್ಕು ದಿನ ಬೆಳಿಗ್ಗೆ ಮಾತ್ರ ನನ್ನ ನಂಬರಿಗೆ ಫೋನು ಮಾಡಬೇಡಿ. ಲೈನು ಖಾಲಿ ಇರಬೇಕು.