ತಂದೆ ತಾಯಿಯರಿಗೆ ತೋರಿಸಬೇಕಾದ ಊರು

ವಿದೇಶದಲ್ಲಿ ನೆಲೆಸಿದ ಮಕ್ಕಳು ತಂದೆ ತಾಯಿಯರನ್ನು ಕರೆಸಿಕೊಂಡು ಊರು ತೋರಿಸುವುದು ನಮ್ಮ ಸಾಸ್ತಾನ, ಕೋಟ, ಸಾಲಿಗ್ರಾಮದ ಕಡೆಯ ಮನೆಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ಹಿಂದೆ ಮುಂಬಯಿಯ ಹೋಟೆಲು ಸೇರಿದ ಹುಡುಗ ವರ್ಷಕ್ಕೊಮ್ಮೆ ಊರಿಗೆ ಬಂದರೆ ಅದೇ ದೊಡ್ಡದು. ಅವನು ಅಲ್ಲಿ ಎಲ್ಲಿ ಮಲಗುತ್ತಾನೆ, ಎಷ್ಟು ಹೊತ್ತಿಗೆ ಉಣ್ಣುತ್ತಾನೆ ಎಂಬುದನ್ನು ಕಣ್ಣಾರೆ ಕಂಡ ತಾಯಂದಿರು ಬಹಳ ಕಡಿಮೆ. ಇಂದು ಮಂಗಳೂರಿನಲ್ಲಿ ವಿಮಾನ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ದುಬೈ ತಲುಪಬಹುದು. ಆದರೂ ಆ ಹಿಂದಿನ ತಾಯಿಯ ಪ್ರಶ್ನೆಗಳಿಗೆ ಇಂದಿನ ತಾಯಿಗಾದರೂ ಉತ್ತರ ಸಿಗುತ್ತಿದೆಯೇ ಎಂಬ ಸಂದೇಹ ನನಗಿದೆ.

ಹೋಗಿ ಬಂದವರನ್ನು ಮಾತನಾಡಿಸಿ ನೋಡಿ. 828 ಮೀಟರ್ ಎತ್ತರದ ಬುರ್ಜ್ ಖಲೀಫಾ, ಅದರೆದುರಿನ ಕಾರಂಜಿ, ಮರುಭೂಮಿಯ ಸವಾರಿ, ಚಿನ್ನದ ಪೇಟೆ ಎಲ್ಲದರ ಫೋಟೋಗಳನ್ನೂ ತೋರಿಸುತ್ತಾರೆ. ಮಗ ಕೆಲಸಕ್ಕೆ ಹೇಗೆ ಹೋಗುತ್ತಾನೆ ಎಂದು ಕೇಳಿದರೆ, 'ಬೆಳಿಗ್ಗೆ ಬೇಗ ಹೊರಡುತ್ತಾನೆ ಮಾಸ್ಟ್ರೇ, ರಾತ್ರಿ ಬರುತ್ತಾನೆ' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಜಗತ್ತಿನ ಅತಿ ಎತ್ತರದ ಕಟ್ಟಡ ನೋಡಿದ್ದಾಯಿತು, ಮಗನ ದಿನಚರಿ ನೋಡಿದ್ದಾಗಲಿಲ್ಲ.

2019ರ ಜನವರಿಯಲ್ಲಿ ನಾವು ದಂಪತಿಗಳು ಮೂರು ವಾರ ದುಬೈಯಲ್ಲಿ ಮಗನ ಮನೆಯಲ್ಲಿದ್ದೆವು. ಮೊದಲ ವಾರ ನಮಗೂ ಇದೇ ಪ್ರದಕ್ಷಿಣೆ. ಎರಡನೆಯ ವಾರ ನನ್ನ ಪತ್ನಿ, 'ನಿನ್ನ ಆಫೀಸು ಎಲ್ಲಿ, ಒಮ್ಮೆ ತೋರಿಸು' ಎಂದು ಪಟ್ಟು ಹಿಡಿದಳು. ಮಗ ನಕ್ಕನಾದರೂ ನಮ್ಮನ್ನು ಕರೆದೊಯ್ದ. ಅಲ್ ಕುಸೈಸ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಯೂನಿಯನ್ ನಿಲ್ದಾಣದಲ್ಲಿ ಇಳಿದು ಕೆಂಪು ಮಾರ್ಗಕ್ಕೆ ಬದಲಾಯಿಸಿ, ಬಿಸಿನೆಸ್ ಬೇ ತಲುಪಬೇಕು. 2009ರಲ್ಲಿ ಆರಂಭವಾದ ಈ ರೈಲಿಗೆ ಚಾಲಕನಿಲ್ಲ ಎಂಬ ವಿಸ್ಮಯ ನಮಗೆ. ಬೆಳಗಿನ ಆ ನೂಕುನುಗ್ಗಲಿನಲ್ಲಿ ಮಗ ದಿನವೂ ನಿಂತೇ ಹೋಗುತ್ತಾನೆ ಎಂಬುದು ಅವನ ತಾಯಿಗೆ ತಿಳಿದದ್ದು ಅಂದೇ. ಎಂಟು ವರ್ಷಗಳ ದೂರವಾಣಿಯ ಮಾತುಗಳಲ್ಲಿ ಅದು ಎಂದೂ ಬಂದಿರಲಿಲ್ಲ.

ಇನ್ನೊಂದು ದಿನ ಅವನು ಖಾರಿಯನ್ನು ದಾಟಿಸಿದ. ಬರ್ ದುಬೈಯಿಂದ ದೇರಾಕ್ಕೆ 'ಅಬ್ರಾ' ಎಂಬ ಮರದ ದೋಣಿಯಲ್ಲಿ ಒಂದು ದಿರ್ಹಂ ಕೊಟ್ಟರೆ ಆಚೆ ದಡ. ಅಲ್ಲಿ ಸರಕು ಹೇರಿಕೊಂಡು ನಿಂತಿದ್ದ ಮರದ ಹಡಗುಗಳನ್ನು ಕಂಡಾಗ ನನಗೆ ಹಂಗಾರಕಟ್ಟೆಯ ಅಳಿವೆಯೂ, ಹಿರಿಯರ ಬಾಯಲ್ಲಿ ಕೇಳಿದ ಮಂಜಿಗಳ ಕತೆಗಳೂ ನೆನಪಾದವು. ಮಗನಿಗೆ ಅವನ್ನು ಹೇಳಿದೆ. ಅಷ್ಟು ಹೊತ್ತು ತೋರಿಸುವವನು ಅವನು, ನೋಡುವವರು ನಾವು ಆಗಿದ್ದೆವು. ಅಲ್ಲಿ ಮಾತ್ರ ನನಗೂ ಅವನಿಗೆ ತೋರಿಸಲು ಏನೋ ಇತ್ತು.

ಮಕ್ಕಳು ತಮ್ಮ ನಿತ್ಯದ ಬದುಕನ್ನು ಏಕೆ ಮರೆಮಾಡುತ್ತಾರೆಂಬುದು ನನಗೆ ತಿಳಿಯದ ವಿಷಯವಲ್ಲ. ಮನೆ ಚಿಕ್ಕದು, ಬಾಡಿಗೆ ದೊಡ್ಡದು, ಕಂಡರೆ ಅಪ್ಪ ಅಮ್ಮ ನೊಂದುಕೊಂಡಾರು ಎಂಬ ಅಂಜಿಕೆ. ರಜೆಯೂ ನಾಲ್ಕೇ ದಿನ. ಬಯಲಿನಲ್ಲಿ ದುಡಿಯುವವರಿಗಂತೂ ಹೇಳಿಕೊಳ್ಳುವುದು ಇನ್ನೂ ಕಷ್ಟ. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದನ್ನು ಸರಕಾರವೇ ನಿಷೇಧಿಸುತ್ತದೆ ಎಂದರೆ ಆ ಬಿಸಿಲನ್ನು ಊಹಿಸಿಕೊಳ್ಳಿ. ತಂದೆ ತಾಯಿಯರನ್ನು ಕರೆಸಿಕೊಳ್ಳಲಾಗದವರೇ ಅವರಲ್ಲಿ ಹೆಚ್ಚು. ಕರೆಸಿಕೊಳ್ಳುವ ಅನುಕೂಲ ಉಳ್ಳವರು ಅದನ್ನು ಬರಿಯ ಫೋಟೋಗಳಲ್ಲಿ ಕಳೆಯಬಾರದು ಎಂಬುದು ನನ್ನ ಅಭಿಪ್ರಾಯ.

ಹಿರಿಯರಿಗೆ ಇದೆಲ್ಲ ಅರ್ಥವಾಗದು ಎಂಬ ಭಾವನೆಯೂ ಬೇಡ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' ಪ್ರವಾಸಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರಿಗೆ ಎಪ್ಪತ್ತು ದಾಟಿತ್ತು. ನಮಗೆ ಬೇಕಾದದ್ದು ತುಸು ಸ್ವಾತಂತ್ರ್ಯ. ಕೈಗೊಂದು ಬೀಗದ ಕೈ, ಮೆಟ್ರೋದ ನೋಲ್ ಕಾರ್ಡು, ಮನೆಯ ವಿಳಾಸ ಬರೆದ ಚೀಟಿ ಕೊಟ್ಟು, ಹತ್ತಿರದ ಅಂಗಡಿಯ ದಾರಿಯನ್ನು ಎರಡು ಸಲ ತೋರಿಸಿ ಸಾಕು. ಮೂರನೆಯ ದಿನ ಅಪ್ಪ ತಾವೇ ಹೋಗಿ ಕೊತ್ತಂಬರಿ ಸೊಪ್ಪು ತಂದಾರು. ಹಾಗೆ ತಂದ ದಿನ ಅವರು ನಿಮ್ಮ ಮನೆಯಲ್ಲಿ ಅತಿಥಿಯಾಗಿ ಉಳಿಯುವುದಿಲ್ಲ.

ನನ್ನ ಓರಗೆಯವರಿಗೂ ಒಂದು ಮಾತು. ಪ್ರತಿಯೊಂದು ದಿರ್ಹಮನ್ನೂ ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಡಬೇಡಿ. ಮೊಣಕಾಲು ನೋಯುತ್ತಿದ್ದರೆ ಸುಮ್ಮನೆ ಸಹಿಸದೆ ಹೇಳಿಬಿಡಿ, ಮಕ್ಕಳು ಸಂತೋಷದಿಂದಲೇ ಕುಳಿತುಕೊಳ್ಳುತ್ತಾರೆ. ನಿಮ್ಮ ದಿನ ಹೇಗೆ ಕಳೆಯುತ್ತದೆ ಎಂದು ಅವರನ್ನು ಕೇಳಿ.

ಈಗ ನಮ್ಮ ಮನೆಯ ಗಡಿಯಾರದಲ್ಲಿ ಸಂಜೆ ಏಳೂವರೆಯಾದರೆ ದುಬೈಯಲ್ಲಿ ಆರು ಗಂಟೆ. ಮಗ ಯೂನಿಯನ್ ನಿಲ್ದಾಣದಲ್ಲಿ ರೈಲು ಬದಲಾಯಿಸುತ್ತಿರಬಹುದು ಎಂದು ನನ್ನ ಪತ್ನಿ ದೇವರ ಮುಂದೆ ದೀಪ ಹಚ್ಚುತ್ತಾ ಹೇಳುತ್ತಾಳೆ. ಅವಳಿಗೆ ಆ ಮೆಟ್ಟಿಲು, ಆ ಜನಜಂಗುಳಿ ಕಣ್ಣಿಗೆ ಕಟ್ಟಿವೆ. ಬುರ್ಜ್ ಖಲೀಫಾದ ಮಾತು ನಮ್ಮ ಮನೆಯಲ್ಲಿ ಬರುವುದು ಅಪರೂಪ. ದೂರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ಮುಂದಿನ ಸಲ ಅಪ್ಪ ಅಮ್ಮ ಬರುವರೆಂದು ನೋಡುವ ಸ್ಥಳಗಳ ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲಿ ನೀವು ದಿನವೂ ಕಾಯುವ ಬಸ್ ನಿಲ್ದಾಣವನ್ನು ಬರೆಯಿರಿ.