ಜಿಂಕೆಗಳು ತಲೆಬಾಗುವ ಊರು

ಜಪಾನಿನ ಪ್ರವಾಸದಲ್ಲಿ ಕ್ಯೋಟೋ, ಓಸಾಕಾಗಳನ್ನು ಕಂಡ ಮೇಲೆ ಒಂದು ದಿನದ ಬಿಡುವು ಉಳಿದರೆ ನಾರಾ ನಗರಕ್ಕೆ ಹೋಗಿಬರುವುದು ವಾಡಿಕೆ. ಓಸಾಕಾದಿಂದ ರೈಲಿನಲ್ಲಿ ಸುಮಾರು 40 ನಿಮಿಷಗಳ ದಾರಿ. ನಿಲ್ದಾಣದಿಂದ ಪೂರ್ವದಿಕ್ಕಿಗೆ ಸ್ವಲ್ಪ ದೂರ ನಡೆದರೆ ಸಾಕು, ಊರಿನ ನಿವಾಸಿಗಳು ಎದುರುಗೊಳ್ಳಲು ಬರುತ್ತಾರೆ. ಅವರಲ್ಲಿ ಸಾವಿರಕ್ಕೂ ಮಿಕ್ಕವರಿಗೆ ನಾಲ್ಕು ಕಾಲುಗಳು!

710ರಿಂದ 784ರವರೆಗೆ ನಾರಾ ಜಪಾನಿನ ರಾಜಧಾನಿಯಾಗಿತ್ತು. ಅರಸರು ಹೊರಟುಹೋದರೂ ದೇವರುಗಳು ಅಲ್ಲಿಯೇ ಉಳಿದರು. ಅವರೊಡನೆ ಜಿಂಕೆಗಳೂ ಉಳಿದವು. ಕಸುಗ ದೇವಾಲಯದ ಐತಿಹ್ಯದಂತೆ, ದೂರದ ಕಾಶಿಮಾದಿಂದ ದೇವರು ಬಿಳಿಯ ಜಿಂಕೆಯನ್ನೇರಿ ಇಲ್ಲಿಗೆ ಬಿಜಯಮಾಡಿದನಂತೆ. ಅಂದಿನಿಂದ ಈ ಜಿಂಕೆಗಳು ದೇವದೂತರೆನಿಸಿದವು. ಪೂರ್ವಕಾಲದಲ್ಲಿ ಅವುಗಳನ್ನು ಕೊಂದವನಿಗೆ ಪ್ರಾಣದಂಡನೆಯೇ ಒದಗುತ್ತಿತ್ತು. ನಾರಾದವರು ಬೆಳಗಿನ ಜಾವದಲ್ಲೇ ಏಳುವವರೆಂಬ ಖ್ಯಾತಿಗೆ ಜನ ಹೇಳುವ ಕಾರಣ ಇದೇ: ರಾತ್ರಿ ಮನೆಯ ಮುಂದೆ ಜಿಂಕೆಯೊಂದು ಸತ್ತುಬಿದ್ದಿದ್ದರೆ, ನೆರೆಯವರು ಏಳುವುದಕ್ಕೆ ಮೊದಲೇ ಅದನ್ನು ಅವರ ಬಾಗಿಲಿಗೆ ಸಾಗಿಸಬೇಕಾಗಿತ್ತಂತೆ! ಭಕ್ತಿಯ ಬೆನ್ನಿಗೇ ಭಯವೂ ಇತ್ತೆಂಬುದನ್ನು ಈ ವಿನೋದದ ಮಾತೇ ಸೂಚಿಸುತ್ತದೆ.

ನಾರಾದ ಪ್ರೇಕ್ಷಣೀಯ ಸ್ಥಳಗಳಲ್ಲಿ ಅಗ್ರಸ್ಥಾನ ತೋದಾಯ್‌ಜಿ ವಿಹಾರದ ಮಹಾಬುದ್ಧನದು. 735ರಿಂದ 737ರವರೆಗೆ ಸಿಡುಬು ದೇಶವನ್ನು ಹಾಳುಗೆಡವಿತು. ಅದರಿಂದ ನೊಂದ ಚಕ್ರವರ್ತಿ ಶೋಮು 743ರಲ್ಲಿ ಈ ಕಂಚಿನ ಮೂರ್ತಿಯನ್ನು ಮಾಡಿಸಲು ಸಂಕಲ್ಪಿಸಿದ. ಅದರ ಎತ್ತರ ಸುಮಾರು 15 ಮೀಟರ್. 752ರಲ್ಲಿ ನಡೆದ ನೇತ್ರೋನ್ಮೀಲನ ಮಹೋತ್ಸವದಲ್ಲಿ ಕುಂಚವನ್ನು ಹಿಡಿದವನು ಒಬ್ಬ ಭಾರತೀಯ! ಚೀನದ ಮಾರ್ಗವಾಗಿ 736ರಲ್ಲಿ ಜಪಾನನ್ನು ಸೇರಿದ್ದ ಬೋಧಿಸೇನನೆಂಬ ಭಿಕ್ಷು ಮೂರ್ತಿಯ ಕಣ್ಣುಗಳನ್ನು ಬರೆದನು. ಕುಂಚಕ್ಕೆ ಕಟ್ಟಿದ ಉದ್ದನೆಯ ರೇಷ್ಮೆಯ ಹುರಿಯನ್ನು ನೆರೆದವರೆಲ್ಲ ಹಿಡಿದುಕೊಂಡು ಪುಣ್ಯಭಾಗಿಗಳಾದರು. ಆ ಕುಂಚವೂ ಹುರಿಯೂ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಭದ್ರವಾಗಿವೆ.

1180ರಲ್ಲಿ ಒಮ್ಮೆ, 1567ರಲ್ಲಿ ಮತ್ತೊಮ್ಮೆ ಯುದ್ಧದ ಬೆಂಕಿಗೆ ಬುದ್ಧಮಂದಿರ ಆಹುತಿಯಾಯಿತು. ಈಗಿನದು 1709ರಲ್ಲಿ ಪೂರ್ಣಗೊಂಡ ಕಟ್ಟಡ. ಮೊದಲಿನದಕ್ಕಿಂತ ಅಗಲದಲ್ಲಿ ಕಿರಿದಾದರೂ ಮರದ ಕಟ್ಟಡಗಳಲ್ಲಿ ದೈತ್ಯನೇ ಸರಿ. ಅದರೊಳಗೆ ಒಂದು ಕಂಬದ ಬುಡದಲ್ಲಿ ರಂಧ್ರವೊಂದುಂಟು. ಅದು ಮಹಾಬುದ್ಧನ ಮೂಗಿನ ಹೊಳ್ಳೆಯಷ್ಟೇ ದೊಡ್ಡದಂತೆ. ಅದರೊಳಗೆ ನುಸುಳಿ ಹೊರಬಂದವರಿಗೆ ಜ್ಞಾನೋದಯವಾಗುವುದೆಂದು ನಂಬಿಕೆ. ಮಕ್ಕಳು ಸುಲಭವಾಗಿ ಪಾರಾಗುತ್ತಾರೆ. ದಷ್ಟಪುಷ್ಟರಾದ ತಂದೆತಾಯಿಗಳು ಜ್ಞಾನವನ್ನು ಬೇರೆ ದಾರಿಯಲ್ಲಿ ಅರಸಬೇಕಾಗುತ್ತದೆ.

ಆದರೆ ಮಕ್ಕಳ ಮನಸ್ಸೆಲ್ಲ ಹೊರಗಿನ ಜಿಂಕೆಗಳ ಮೇಲೆಯೇ. ಅಕ್ಕಿಯ ತೌಡು ಮತ್ತು ಹಿಟ್ಟಿನಿಂದ ಮಾಡಿದ, ಸಕ್ಕರೆ ಸೇರಿಸದ ತೆಳುಬಿಲ್ಲೆಗಳನ್ನು ಅಲ್ಲಲ್ಲಿ ಜಿಂಕೆಗಳಿಗೆಂದೇ ಮಾರುತ್ತಾರೆ. ಬಿಲ್ಲೆಯನ್ನು ತೋರಿಸಿದರೆ ಜಿಂಕೆ ತಲೆಬಾಗಿ ನಮಸ್ಕರಿಸುತ್ತದೆ. ಇದು ಜಪಾನೀಯರಿಂದ ಕಲಿತ ಸೌಜನ್ಯವೆಂದು ಪ್ರವಾಸಿಗಳು ಹಿಗ್ಗುವುದುಂಟು. ಬಾಗಿದರೆ ತಿನಿಸು ದೊರೆಯುವುದೆಂಬ ಅನುಭವವೇ ಅದರ ಗುರು. ಕೊಡದೆ ಕಾಡಿಸಿದರೆ ಅದೇ ವಿನಯಶಾಲಿ ಅಂಗಿಯ ಅಂಚನ್ನು ಕಚ್ಚಿ ಎಳೆಯಲೂ ಹಿಂಜರಿಯದು. 2020ರಲ್ಲಿ ಕೊರೋನಾ ಪಿಡುಗಿನಿಂದ ಪ್ರವಾಸಿಗಳು ಕಾಣದಾದಾಗ ಜಿಂಕೆಗಳು ಆಹಾರವನ್ನರಸಿ ಪೇಟೆಯ ಬೀದಿಗಳಿಗೆ ಇಳಿದವು.

ಚಳಿಗಾಲದಲ್ಲಿ ಮತ್ತೊಂದು ಸೋಜಿಗ. ಬೆಳಗಿನ ವೇಳೆ ಬಯಲಿನಲ್ಲಿ ನಿಂತು ಒಬ್ಬರು ಕೊಂಬಿನ ವಾದ್ಯವನ್ನೂದುತ್ತಾರೆ. ಹೊಮ್ಮುವ ರಾಗ ಬೆಥೋವನ್ನನ 6ನೆಯ ಸಿಂಫೊನಿಯದು! ಕೇಳಿದೊಡನೆ ಕಾಡಿನಿಂದ ಜಿಂಕೆಗಳು ಓಡೋಡಿ ಬರುತ್ತವೆ. 1892ರಿಂದ ನಡೆದುಬಂದ ಪದ್ಧತಿಯಿದು. ಅವುಗಳ ಸಂಗೀತಪ್ರೇಮಕ್ಕೆ ಕಾರಣ, ಕೊನೆಯಲ್ಲಿ ದೊರೆಯುವ ಓಕ್ ಮರದ ಕಾಯಿಗಳು.

ಈ ಸಲುಗೆ ತಾನಾಗಿ ಉಳಿದುಬಂದುದಲ್ಲ. ಯುದ್ಧ ಮತ್ತು ಹಸಿವಿನ ಕಾಲ ಮುಗಿದಾಗ, 1945ರಲ್ಲಿ, ಉಳಿದಿದ್ದ ಜಿಂಕೆಗಳು ಕೇವಲ 79. ದೇವದೂತರೆಂಬ ಬಿರುದು ಬರಗಾಲದಲ್ಲಿ ಅವುಗಳನ್ನು ಕಾಯಲಿಲ್ಲ. 1957ರಲ್ಲಿ ಸರ್ಕಾರ ಅವುಗಳನ್ನು ನೈಸರ್ಗಿಕ ಸ್ಮಾರಕವೆಂದು ಸಾರಿತು. ಗಾಯಗೊಂಡವುಗಳ ಚಿಕಿತ್ಸೆ, ಗಬ್ಬದ ಜಿಂಕೆಗಳ ಆರೈಕೆಗಳನ್ನು ಸಂರಕ್ಷಣ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ಇಂದು ಅವುಗಳ ಸಂಖ್ಯೆ 1,300ನ್ನು ಮೀರಿದೆ.

ಸಂಖ್ಯೆ ಬೆಳೆದಂತೆ ತೊಡಕುಗಳೂ ಬೆಳೆದವು. ದೇವರ ಮೃಗಕ್ಕೆ ರೈತನ ಬೆಳೆಯೂ ರುಚಿಯೇ ಅಲ್ಲವೆ? ಬೆಳೆ ಕಳೆದುಕೊಂಡ ರೈತರು ನ್ಯಾಯಾಲಯದ ಮೆಟ್ಟಿಲೇರಿದರು, 1985ರಲ್ಲಿ ರಾಜಿಯಾಯಿತು. ದೇವಾಲಯದ ಸುತ್ತಣ ಜಿಂಕೆಗಳಿಗೆ ಪೂರ್ಣ ರಕ್ಷಣೆ, ದೂರ ಹೋದಂತೆ ರಕ್ಷಣೆ ಸಡಿಲ ಎಂದು ಪ್ರದೇಶವನ್ನು ವಿಂಗಡಿಸಿದರು. ಹೊರವಲಯದಲ್ಲಿ ಹಿಡಿದು ಕೊಲ್ಲುವುದಕ್ಕೂ 2017ರಿಂದ ಅನುಮತಿ ದೊರೆಯಿತು. ಗೆರೆಯ ಈಚೆ ದೇವದೂತ, ಆಚೆ ಬೆಳೆಗಳ್ಳ!

ಇನ್ನು 2019ರಲ್ಲಿ ಸತ್ತ ಜಿಂಕೆಗಳ ಹೊಟ್ಟೆಯನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಹಲವದರಲ್ಲಿ ಪ್ಲಾಸ್ಟಿಕ್ಕಿನ ಮುದ್ದೆ ದೊರೆಯಿತು. ಒಂದರಲ್ಲಿ ಅದರ ತೂಕ 4.3 ಕಿಲೋಗ್ರಾಂ. ತಿನಿಸಿನ ವಾಸನೆ ಹತ್ತಿದ ಚೀಲಗಳನ್ನೂ ಅವು ನುಂಗಿದ್ದವು. ಅಂಜಿಕೆಯ ಕಾಲದಲ್ಲಿ ಜಿಂಕೆಯ ಮೇಲೆ ಕಲ್ಲೆಸೆಯಲೂ ಹೆದರುತ್ತಿದ್ದ ಮನುಷ್ಯ ಪ್ರೀತಿಯ ಕಾಲದಲ್ಲಿ ಅರಿಯದೆಯೇ ಅದನ್ನು ಕೊಂದ. ಊರಿನವರು ಕೈಕಟ್ಟಿ ಕೂರಲಿಲ್ಲ. ಜಿಂಕೆ ತಿಂದರೂ ಅರಗುವಂತೆ ಅಕ್ಕಿಯ ತೌಡನ್ನು ಬೆರೆಸಿದ ಕಾಗದದ ಚೀಲಗಳನ್ನು ಸಿದ್ಧಪಡಿಸಿದರು.

ಇಂಥ ಜಾಣ್ಮೆ ನಾರಾಕ್ಕೆ ಹೊಸದಲ್ಲ. ಗಂಡುಜಿಂಕೆಗಳ ಕೊಂಬು ತಿವಿದು ಜನ ಗಾಯಗೊಳ್ಳುತ್ತಿದ್ದರಾಗಿ, ಪ್ರಾಣಿಯನ್ನು ಕೊಲ್ಲುವ ಬದಲು ಕೊಂಬನ್ನು ಕತ್ತರಿಸುವ ಉತ್ಸವವನ್ನು 17ನೆಯ ಶತಮಾನದಲ್ಲಿಯೇ ಆರಂಭಿಸಿದರು. ಅಕ್ಟೋಬರಿನಲ್ಲಿ ಹಗ್ಗ ಹಿಡಿದವರು ಜಿಂಕೆಯನ್ನು ನಿಲ್ಲಿಸಿದರೆ, ಅರ್ಚಕರು ಗರಗಸದಿಂದ ಕೊಂಬನ್ನು ಕೊಯ್ದು ದೇವರಿಗೆ ಅರ್ಪಿಸುತ್ತಾರೆ. ಕೊಂಬು ಮರುವರ್ಷ ಮತ್ತೆ ಬೆಳೆಯುತ್ತದೆ. ಉತ್ಸವವೂ ಮತ್ತೆ ಬರುತ್ತದೆ.

ನಾರಾಕ್ಕೆ ಹೋಗುವವರು ಮೂರು ಮಾತುಗಳನ್ನು ನೆನಪಿಡಬೇಕು: ಬಿಲ್ಲೆಯನ್ನು ತೋರಿಸಿದ ಮೇಲೆ ಕಾಡಿಸದೆ ಕೊಡುವುದು, ಮುಗಿದೊಡನೆ ಬರಿಗೈಯನ್ನು ಬಿಡಿಸಿ ತೋರಿಸುವುದು, ತಂದ ಚೀಲವನ್ನು ಜೊತೆಯಲ್ಲೇ ಮರಳಿ ಒಯ್ಯುವುದು. ಮೊದಲ ಎರಡರಿಂದ ಪ್ರವಾಸಿಯ ಅಂಗಿ ಉಳಿಯುತ್ತದೆ. ಮೂರನೆಯದರಿಂದ ಜಿಂಕೆಯ ಜೀವ ಉಳಿಯುತ್ತದೆ.