ಫೋನ್ ಬಂದಾಗ ‘ಬರಲ್ಲ’ ಅಂದವರು

ಐಸ್ ಅಂದ್ರೆ ನಮಗೆ ಗೊತ್ತಿರೋದು ಕಬ್ಬಿನ ಹಾಲಿಗೆ ಹಾಕೋದು, ಬಿದ್ದು ಕಾಲು ಊದಿಕೊಂಡರೆ ಒತ್ತೋದು, ಅಷ್ಟೇ. ಅದರ ಮೇಲೆ ಸ್ಕೇಟ್ಸ್ ಕಟ್ಕೊಂಡು, ಚೆಂಡಿನ ಬದಲು ರಬ್ಬರಿನ ಕಪ್ಪು ಬಿಲ್ಲೆಯ ಹಿಂದೆ ನುಗ್ಗೋ ಐಸ್ ಹಾಕಿಯನ್ನು ನಮ್ಮಲ್ಲಿ ಎಷ್ಟು ಜನ ಪೂರ್ತಿ ಒಂದು ಮ್ಯಾಚ್ ನೋಡಿದೀವಿ? ನಾನೂ ಬರೀ ಹೈಲೈಟ್ಸ್ ಗಿರಾಕಿ. ಆದರೂ ಈ ಸಲ ಅಮೆರಿಕದ ಮೇಗನ್ ಡಗ್ಗನ್ ಬಗ್ಗೆ ಬರೀತಿದೀನಿ. ಆಕೆಯ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಲೂ ಅಲ್ಲ, ಪದಕವೂ ಅಲ್ಲ. ಒಂದಿಷ್ಟು ಫೋನ್ ಕರೆಗಳು.

ಮೊದಲು ಸ್ವಲ್ಪ ಹಿನ್ನೆಲೆ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಐಸ್ ಹಾಕಿ ಮೊದಲ ಸಲ ಬಂದಿದ್ದು 1998ರಲ್ಲಿ, ಜಪಾನಿನ ನಗಾನೊದಲ್ಲಿ. ಚಿನ್ನ ಅಮೆರಿಕದ ಪಾಲಾಯಿತು. ಆಗ ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್ ಊರಿನ ಮೇಗನ್‌ಗೆ ಹತ್ತು ವರ್ಷ. ಆ ತಂಡದ ಗ್ರೆಚೆನ್ ಯೂಲಿಯನ್ ಸಿಕ್ಕಾಗ ಅವರ ಜೆರ್ಸಿ, ಚಿನ್ನದ ಪದಕ ಎರಡನ್ನೂ ಹಾಕ್ಕೊಂಡು ನೋಡಿದ ಹುಡುಗಿ, ತಾನೂ ಇದನ್ನೇ ಗೆಲ್ಲಬೇಕು ಅಂತ ತೀರ್ಮಾನ ಮಾಡಿಬಿಟ್ಟಳು.

ಮುಂದೆ ಓದಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಜೀವಶಾಸ್ತ್ರ. ಜೊತೆಗೆ ಹಾಕಿ. 2007, 2009, 2011ರಲ್ಲಿ ಮೂರು ರಾಷ್ಟ್ರೀಯ ಕಾಲೇಜು ಪ್ರಶಸ್ತಿ. ನಡುವೆ 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೋಗಿ ಬೆಳ್ಳಿ. 2011ರಲ್ಲಿ, ಅಮೆರಿಕದ ಕಾಲೇಜು ಮಹಿಳಾ ಹಾಕಿಯ ಅತ್ಯುತ್ತಮ ಆಟಗಾರ್ತಿಗೆ ಕೊಡೋ ಪ್ಯಾಟಿ ಕ್ಯಾಜ್‌ಮೇಯರ್ ಪ್ರಶಸ್ತಿ. ಕೋಚ್ ಆಗಿದ್ದವರು ಮಾರ್ಕ್ ಜಾನ್ಸನ್, 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಮಣಿಸಿದ ಅಮೆರಿಕ ತಂಡದಲ್ಲಿ ಆಡಿದವರು. ಹೆಣ್ಣುಮಕ್ಕಳ ತಂಡಕ್ಕೆ ಇಂಥ ಕೋಚ್, ರಿಂಕ್, ಪ್ರಯಾಣದ ಖರ್ಚು ಎಲ್ಲ ಸಿಕ್ಕಿದ್ದು ಯಾರೋ ದೊಡ್ಡ ಮನಸ್ಸು ಮಾಡಿದ್ದರಿಂದಲ್ಲ. ಸರ್ಕಾರದ ಹಣ ಪಡೆಯೋ ವಿದ್ಯಾಸಂಸ್ಥೆ ಗಂಡು-ಹೆಣ್ಣು ಅಂತ ಭೇದ ಮಾಡೋ ಹಾಗಿಲ್ಲ ಅನ್ನೋ ಕಾನೂನು, ‘ಟೈಟಲ್ ನೈನ್’, ಅಲ್ಲಿ 1972ರಿಂದ ಇದೆ.

ಸರಿ, ಡಿಗ್ರಿ ಮುಗೀತು. ಆಮೇಲೆ?

ಇಲ್ಲೇ ಇರೋದು ತಮಾಷೆ. ದೇಶದ ನಂಬರ್ ಒನ್ ಕಾಲೇಜು ಆಟಗಾರ್ತಿಗೆ ಆಟದಲ್ಲೇ ಬದುಕೋಕೆ ದಾರಿ ಇರಲಿಲ್ಲ. ಆಕೆ ಬಾಸ್ಟನ್ ಬ್ಲೇಡ್ಸ್ ಪರ ಆಡಿದ ಲೀಗ್ ಆಗ ಸಂಬಳವನ್ನೇ ಕೊಡ್ತಿರಲಿಲ್ಲ. 2015ರಲ್ಲಿ ಶುರುವಾದ ಇನ್ನೊಂದು ಲೀಗ್ ಸಂಬಳ ಕೊಟ್ಟಿತು, ಆದರೆ ಎರಡನೇ ಸೀಸನ್‌ನಲ್ಲೇ ಅದಕ್ಕೆ ಕತ್ತರಿ ಹಾಕಿತು. ಇನ್ನು ರಾಷ್ಟ್ರೀಯ ತಂಡ. ಆಟಗಾರ್ತಿಯರು ಮುಂದಿಟ್ಟ ಲೆಕ್ಕದ ಪ್ರಕಾರ ಯುಎಸ್‌ಎ ಹಾಕಿ ಸಂಸ್ಥೆ ಕೊಡ್ತಿದ್ದಿದ್ದು ಒಲಿಂಪಿಕ್ಸ್ ತಯಾರಿಯ ಆರು ತಿಂಗಳು ಮಾತ್ರ, ತಿಂಗಳಿಗೆ 1,000 ಡಾಲರ್. ಉಳಿದ ಮೂರೂವರೆ ವರ್ಷ ಹೆಚ್ಚುಕಮ್ಮಿ ಏನೂ ಇಲ್ಲ. ಹಾಗಾಗಿ ವಿಶ್ವ ಚಾಂಪಿಯನ್ನರು ಬೇರೆ ಕೆಲಸ ಮಾಡ್ಕೊಂಡು, ಸಮಯ ಹೊಂದಿಸಿಕೊಂಡು ಪ್ರಾಕ್ಟೀಸ್ ಮಾಡ್ತಿದ್ದರು.

2017ರ ಮಾರ್ಚ್ 15. ತಮ್ಮದೇ ದೇಶದಲ್ಲಿ, ಮಿಷಿಗನ್‌ನ ಪ್ಲಿಮತ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಗೋಕೆ ಬರೀ ಹದಿನಾರು ದಿನ. ನಾಯಕಿ ಡಗ್ಗನ್ ಮತ್ತು ತಂಡದವರು ಒಟ್ಟಾಗಿ ಹೇಳಿದರು: ನ್ಯಾಯವಾದ ಒಪ್ಪಂದ ಆಗೋವರೆಗೆ ನಾವು ಆಡಲ್ಲ.

ಸಂಸ್ಥೆ ಸುಮ್ಮನಿರಲಿಲ್ಲ. ಒಲಿಂಪಿಕ್ಸ್ ಅವಧಿಯಲ್ಲಿ ಒಬ್ಬೊಬ್ಬರಿಗೆ ಸುಮಾರು 85,000 ಡಾಲರ್ ಸಿಗಬಹುದು ಅಂತ ತನ್ನ ಲೆಕ್ಕ ಕೊಟ್ಟಿತು. ಆದರೆ ಅದರಲ್ಲಿ ಪದಕ ಗೆದ್ದರೆ ಬರೋ ಬಹುಮಾನವೂ ಸೇರಿತ್ತು. ಅಂದ್ರೆ ‘ರ‍್ಯಾಂಕ್ ಬಂದ್ರೆ ಸ್ಕಾಲರ್‌ಶಿಪ್ ಇದೆಯಲ್ಲ, ಮೆಸ್ ಬಿಲ್ ಬಗ್ಗೆ ಯಾಕೆ ಯೋಚನೆ’ ಅಂದ ಹಾಗೆ! ಇನ್ನು ಕೆಲವರು ಕೇಳೋದು, ಮಹಿಳೆಯರ ಮ್ಯಾಚ್ ನೋಡೋರೇ ಕಮ್ಮಿ, ದುಡ್ಡು ಎಲ್ಲಿಂದ ತರೋದು ಅಂತ. ಪ್ರಶ್ನೆ ತೀರಾ ದಡ್ಡತನದ್ದೇನಲ್ಲ. ಖಾಸಗಿ ಲೀಗ್‌ಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಯುಎಸ್‌ಎ ಹಾಕಿ ಲಾಭದ ಕಂಪನಿ ಅಲ್ಲ, ಆಟವನ್ನು ಬೆಳೆಸೋಕೆ ಅಂತಲೇ ಇರೋ ರಾಷ್ಟ್ರೀಯ ಸಂಸ್ಥೆ. ಮಹಿಳೆಯರಿಗೂ ನ್ಯಾಯವಾದ ಬೆಂಬಲ ಕೊಡಬೇಕು ಅಂತ ಅಲ್ಲಿನ ಕ್ರೀಡಾ ಕಾನೂನೇ ಹೇಳುತ್ತೆ. ಹುಡುಗರ ತರಬೇತಿ ಕಾರ್ಯಕ್ರಮಕ್ಕೆ ದೊಡ್ಡ ಬಜೆಟ್ ಇಟ್ಟು ಹುಡುಗಿಯರಿಗೆ ಅಂಥದ್ದನ್ನು ಮಾಡದೇ ಹೋದರೆ ನೋಡೋರು ತಾನೇ ಎಲ್ಲಿಂದ ಬರ್ತಾರೆ? ಬೀಜ ಹಾಕದೇ ಬೆಳೆ ಬಂದಿಲ್ಲ ಅಂದ ಹಾಗಾಯ್ತು.

ಈಗ ಫೋನ್ ವಿಷಯ. ಇವರು ಬರದಿದ್ದರೆ ಏನಂತೆ ಅಂತ ಸಂಸ್ಥೆ ಬದಲಿ ತಂಡ ಕಟ್ಟೋಕೆ ಹೊರಟಿತು. ಕಾಲೇಜು ಆಟಗಾರ್ತಿಯರಿಗೆ, ಹೈಸ್ಕೂಲ್ ಹುಡುಗಿಯರಿಗೂ ಕರೆ ಹೋಯಿತು. ಇಪ್ಪತ್ತು ವರ್ಷದ ಹುಡುಗಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಚಿಕ್ಕಂದಿನಿಂದ ಕನಸು ಕಂಡ ದೇಶದ ಜೆರ್ಸಿ. ಬಹುಶಃ ಇನ್ನೊಮ್ಮೆ ಬರದ ಅವಕಾಶ. ‘ಹೂಂ’ ಅಂದ್ರೆ ಸಾಕು. ಅವರು ಒಬ್ಬೊಬ್ಬರಾಗಿ ‘ಬರಲ್ಲ’ ಅಂದರು. ಎಷ್ಟೋ ಜನ ಅದನ್ನು ಟ್ವಿಟ್ಟರ್‌ನಲ್ಲಿ ಬಹಿರಂಗವಾಗಿಯೇ ಹಾಕಿದರು.

ಇದು ತಾನಾಗೇ ಆಗಿದ್ದಲ್ಲ. ಡಗ್ಗನ್ ಮತ್ತು ಜೊತೆಗಾರ್ತಿಯರು ನೂರಕ್ಕೂ ಹೆಚ್ಚು ಆಟಗಾರ್ತಿಯರಿಗೆ ತಾವೇ ಫೋನ್ ಮಾಡಿ, ಯಾಕೆ ಹೀಗೆ ಮಾಡ್ತಿದೀವಿ ಅಂತ ವಿವರಿಸಿದ್ದರು. ನಾಯಕತ್ವ ಅಂದ್ರೆ ನನ್ನ ಪ್ರಕಾರ ಇದೇ. ವೇದಿಕೆ ಮೇಲೆ ಭಾಷಣ ಬಿಗಿಯೋದಲ್ಲ, ಕಟ್ಟಕಡೆಯ ಜೂನಿಯರ್‌ಗೂ ಫೋನ್ ಮಾಡಿ ಕೂತು ಮಾತಾಡೋದು.

ನಮ್ಮ ಮಾಸ್ ಬಂಕ್ ನೆನಪು ಮಾಡ್ಕೊಳ್ಳಿ. ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ಎಲ್ಲರದ್ದೂ ಥಂಬ್ಸ್ ಅಪ್. ಬೆಳಿಗ್ಗೆ ಮೊದಲ ಬೆಂಚಲ್ಲಿ ಇಬ್ಬರು ಹಾಜರ್, ಉಳಿದವರಿಗೆಲ್ಲ ಆಬ್ಸೆಂಟ್. ಬರೀ ಒಂದು ದಿನದ ಅಟೆಂಡೆನ್ಸ್‌ಗೇ ನಮ್ಮ ಒಗ್ಗಟ್ಟು ಮುರಿಯುತ್ತೆ. ಆ ಹುಡುಗಿಯರು ಬಿಟ್ಟುಕೊಟ್ಟಿದ್ದು ದೇಶದ ಜೆರ್ಸಿಯನ್ನು.

ಮಾರ್ಚ್ 28ಕ್ಕೆ ಸಂಸ್ಥೆ ನಾಲ್ಕು ವರ್ಷಗಳ ಒಪ್ಪಂದಕ್ಕೆ ಒಪ್ಪಿತು. ಮೂರೇ ದಿನದಲ್ಲಿ ಟೂರ್ನಿ. ಫೈನಲ್‌ನಲ್ಲಿ ಕೆನಡಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ 3-2 ಗೆಲುವು. ಮರುವರ್ಷ, 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಅದೇ ಕೆನಡಾ ವಿರುದ್ಧ ಶೂಟೌಟ್‌ನಲ್ಲಿ ಚಿನ್ನ. ನಗಾನೊ ಆಗಿ ಇಪ್ಪತ್ತು ವರ್ಷದ ಮೇಲೆ.

ಡಗ್ಗನ್ 2020ರಲ್ಲಿ ನಿವೃತ್ತರಾದರು. ಮಹಿಳೆಯರಿಗೆ ಸಂಬಳದ ಖಾತ್ರಿ ಇರೋ ಹೊಸ ವೃತ್ತಿಪರ ಲೀಗ್‌ನ ಮೊದಲ ಪಂದ್ಯ ನಡೆದಿದ್ದು 2024ರ ಜನವರಿ 1ರಂದು. ಅದರಲ್ಲಿ ಆಕೆ ಒಂದು ಮ್ಯಾಚೂ ಆಡಲಿಲ್ಲ. ಆಡ್ತಿರೋರು ಆಕೆಯ ನಂತರದವರು. ಅವತ್ತು ಫೋನ್ ಬಂದಾಗ ‘ಬರಲ್ಲ’ ಅಂದ ವಯಸ್ಸಿನವರು.

ಹಾಗಾಗಿ ಡಗ್ಗನ್ ಹೆಸರಿನ ಮುಂದೆ ಒಂದು ಚಿನ್ನ, ಎರಡು ಬೆಳ್ಳಿ ಅಂತ ಬರೆದರೆ ಲೆಕ್ಕ ಪೂರ್ತಿ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ. ಅವರ ತಂಡದಲ್ಲಿ ಇಪ್ಪತ್ತಮೂರು ಜನ ಇರಲಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಜನ ಇದ್ದರು. ಅವರಲ್ಲಿ ಎಷ್ಟೋ ಜನರಿಗೆ ಆಮೇಲೂ ಆ ಜೆರ್ಸಿ ಸಿಗಲೇ ಇಲ್ಲ. ಮುಂದಿನ ಸಲ ಎಲ್ಲರೂ ಸೇರಿ ಏನಾದ್ರೂ ಕೇಳೋಕೆ ಹೊರಟಾಗ, ಮೊದಲ ಬೆಂಚಿಗೆ ಹೋಗಿ ಕೂರೋ ಮುಂಚೆ ಅವರನ್ನೊಮ್ಮೆ ನೆನಪು ಮಾಡ್ಕೊಳ್ಳಿ.